ಟಿಬೈಯೋಸನಿಗೆ ಆರು ಸಾವಿರ ಜನ ಬೇಕು

ಪ್ಲೀಸ್, ಇದೊಂದನ್ನ ಪೂರ್ತಿ ಕೇಳಿಸ್ಕೊಂಡು ಆಮೇಲೆ ಬೈಯಿರಿ. ಎಲ್ಲಿಂದ ಶುರು ಮಾಡೋದು ಅನ್ನೋದೇ ನನಗೆ ತಲೆನೋವು.

೧. ಹಳೇ ಕಾಲದ ಅಥೆನ್ಸ್. ಬೆಟ್ಟದ ಮೇಲೆ ದೇವಿಯ ಗುಡಿ, ಅದರ ಹಿಂದೆ ಸೂರ್ಯೋದಯ... (ಹರಿದು ಹಾಕ್ದೆ. ಇಲ್ಲಿಯೋರು ಯಾರು ಅದನ್ನ ತಲೆ ಎತ್ತಿ ನೋಡ್ತಾರೆ?)

೧, ಮತ್ತೆ. ಸಭೆಯ ದಿನ. ಪೇಟೆಯಲ್ಲಿ ಹರಟೆ ಹೊಡೀತಿದ್ದ ಗಂಡಸರನ್ನ ಕೆಂಪು ಬಣ್ಣದಲ್ಲಿ ಅದ್ದಿದ ಹಗ್ಗ ಹಿಡಿದು ಸಭೆಯ ಗುಡ್ಡದ ಕಡೆ ತಳ್ತಿದ್ದಾರೆ. ಬಟ್ಟೆಗೆ ಬಣ್ಣ ಹತ್ತಿದ್ರೆ ದಂಡ. ಇದ್ದಿಲು ಮಾರೋ ಲಾಂಪೋನ್ ಎಂದಿನ ಹಾಗೆ ಪಕ್ಕದ, ಗುರಾಣಿ ಮಾಡೋ ಟಿಬೈಯೋಸನ ಅಂಗಡಿಗೆ ನುಗ್ಗಿ, ಗುರಾಣಿಗಳ ಹಿಂದೆ ಕೂತ.

"ಬಾಗಿಲು ಎಳಿಯೋ! ಇವತ್ತೂ ಏನೋ ಸಭೆಯಂತೆ. ಮನುಷ್ಯ ಬದುಕೋದು ಬೇಡ್ವಾ?"

ಟಿಬೈಯೋಸ್ ಬಾಗಿಲು ಎಳೆದ. ಒಂದು ಸಂದು ಮಾತ್ರ ಬಿಟ್ಟು ಗುಡ್ಡದ ಕಡೆ ನೋಡ್ದ.

ಯಾಕಂದ್ರೆ ಇವತ್ತಿನ ಸಭೆ ಟಿಬೈಯೋಸನ ವಿಷಯಕ್ಕೇ. ಇಪ್ಪತ್ತು ವರ್ಷ ಇಲ್ಲಿದ್ರೂ ಅವನು ಹೊರಗಿನವನು. ಯುದ್ಧಕ್ಕೆ ದುಡ್ಡು ತಗೊಳ್ದೆ ಗುರಾಣಿ ಮಾಡ್ಕೊಟ್ಟ ಅಂತ ಊರು ಅವನನ್ನ ತನ್ನ ಪ್ರಜೆ ಮಾಡ್ಕೊಳ್ಳೋಕೆ ಹೊರಟಿದೆ. ಹೋದ ಸಭೆಯಲ್ಲಿ ಎಲ್ರೂ ಕೈ ಎತ್ತಿದ್ರು. ಆದ್ರೆ ಇವತ್ತು ಆರು ಸಾವಿರ ಜನ ಬಂದು ಗುಟ್ಟಾಗಿ ಮತ ಹಾಕಬೇಕು. ಇಲ್ದಿದ್ರೆ ಎಲ್ಲಾ ಬಿದ್ದೋಯ್ತು. ಆಲಿವ್ ಕೊಯ್ಲು ಬೇರೆ, ಅರ್ಧ ಊರು ತೋಟದಲ್ಲಿದೆ.

ಲಾಂಪೋನ್ ಕೈ ಎತ್ತಿದ್ದಲ್ಲೇ ಮುಗೀತು ಅಂದ್ಕೊಂಡಿದ್ದಾನೆ.

"ಇನ್ಮೇಲೆ ನೀನೂ ಈ ಹಗ್ಗಕ್ಕೆ ಹೆದರಬೇಕು ಕಣೋ, ಊರಿನವನೇ!" ಅಂತ ನಗ್ತಿದ್ದಾನೆ, ಪಾಪಿ.

೨. "ಇವತ್ತು ಮತ ಬೇಕು ಅಂತ ಅವನಿಗೆ ಹೇಳೋ ಟಿಬೈಯೋಸ್!" ಅಂದೆ ನಾನು. (ಹೌದು, ಲೇಖಕ ಕಥೆಯೊಳಗೆ ತಲೆ ಹಾಕ್ದ. ಕ್ಷಮಿಸಿ.)

"ನೀವು ಸುಮ್ನಿರಿ ಸ್ವಾಮಿ," ಅಂದ ಅವನು. "ನಾನು ಬಂದ ಮೊದಲ ಚಳಿಗಾಲ ಹೆಸರೂ ಕೇಳ್ದೆ ಕುಲುಮೆಗೆ ಇದ್ದಿಲು ಸುರಿದು ಹೋದೋನು ಇವನು. ಮೊನ್ನೆ ನನಗೋಸ್ಕರ ಅಂತಲೇ ಸಭೆಗೆ ಹೋಗಿ ಎರಡೂ ಕೈ ಎತ್ತಿ ಗಂಟಲು ಕಟ್ಟೋ ತನಕ ಕೂಗಿದಾನೆ. ಇಷ್ಟು ಮಾಡಿದೋನ ಹತ್ರ ಇನ್ನೂ ಮಾಡು ಅಂತ ಯಾವ ಬಾಯಲ್ಲಿ ಕೇಳ್ಲಿ?"

ಸರಿ, ನಾನೇ ಅಂತ್ಯ ಹುಡುಕೋಕೆ ಕೂತೆ.

೩. ಅಂತ್ಯ ಅ: ಹೇಳ್ತಾನೆ. ಲಾಂಪೋನ್ ಹಣೆ ಚಚ್ಚಿಕೊಂಡು ಗುಡ್ಡಕ್ಕೆ ಓಡ್ತಾನೆ. (ಚೆನ್ನಾಗಿದೆ. ಆದ್ರೆ ಟಿಬೈಯೋಸ್ ಬಾಯಿ ಬಿಡ್ತಿಲ್ವಲ್ಲ!)

ಅಂತ್ಯ ಆ: ಹೇಳಲ್ಲ. ಸರಿಯಾಗಿ ಒಂದೇ ಒಂದು ಮತ ಕಮ್ಮಿ. (ಥೂ, ಸಿನಿಮಾನಾ ಇದು?)

ಅಂತ್ಯ ಇ: ಲಾಂಪೋನ್ ಕಾಲು ಚಾಚಿ ಈರುಳ್ಳಿ, ಗಿಣ್ಣು ತಿಂತಿದ್ದಾನೆ. "ನೀನು ಇಲ್ಲಿ ಇರೋದೇ ನಮ್ಮ ಪುಣ್ಯ ಕಣೋ," ಅಂತಾನೆ. ಟಿಬೈಯೋಸನ ಕಣ್ಣು ತುಂಬಿ ಬರುತ್ತೆ. ಗುಡ್ಡದ ಮೇಲೆ ಎಣಿಕೆ ಶುರುವಾಗಿದೆ.

ನಾನು ಇಲ್ಲಿಂದ ಮುಂದೆ ಬರೆಯಲ್ಲ. ಟಿಬೈಯೋಸನ ಜಾಗದಲ್ಲಿ ನೀವಿದ್ದಿದ್ರೆ, ಹೇಳ್ತಿದ್ರಾ?