ಎರಡನೇ ಸೈರನ್

ಮಾದಾಪುರದ ಆಚೆಗಿನ ಹಳೆಯ ಕಲ್ಲುಕೋರೆಯಲ್ಲಿ ಖಾಸಗಿ ಕಂಪನಿಯೊಂದು ರಾಕೆಟ್ ಎಂಜಿನ್ ಉರಿಸಿ ಪರೀಕ್ಷೆ ಮಾಡತೊಡಗಿದ ಮೇಲೆ ಚನ್ನಬಸಮ್ಮನ ಐದು ಜೇನುಪೆಟ್ಟಿಗೆಗಳಲ್ಲಿ ಉಳಿದದ್ದು ಒಂದೇ. ಎಂಜಿನ್ ಉರಿದಾಗಲೆಲ್ಲ ಬಿಳಿ ಹೊಗೆ ಗುಡ್ಡ ಇಳಿದು ಬಂದು ಕಾಫಿ ಎಲೆಗಳ ಮೇಲೆ ಕೂರುತ್ತಿತ್ತು. ಮೇಯಲು ಹೋದ ಹುಳುಗಳು ಹಿಂತಿರುಗುತ್ತಿರಲಿಲ್ಲ. ಹಿಂತಿರುಗಿದವು ಪೆಟ್ಟಿಗೆಯ ಬಾಗಿಲಲ್ಲೇ ಬಿದ್ದು ಸಾಯುತ್ತಿದ್ದವು. ಹೋಗಿ ಕೇಳಿದರೆ ಕಂಪನಿಯವರು, "ಅದು ಬರೀ ಆವಿ ಅಮ್ಮಾ" ಎಂದಿದ್ದರು. ಆನೆ ನಡೆದದ್ದೇ ದಾರಿ.

ಗಂಡ ತೀರಿಹೋದ ಮೇಲೆ ಆ ಮನೆಯಲ್ಲಿ ಅವಳಿಗಿದ್ದ ಜೊತೆ ಈ ಹುಳುಗಳದ್ದು ಮಾತ್ರ. ಬೆಳಿಗ್ಗೆ ತಾನು ವಿಭೂತಿ ಧರಿಸಿ, ಪೆಟ್ಟಿಗೆಗೂ ಮೂರು ಬೆರಳಿನಿಂದ ಎಳೆಯುತ್ತಿದ್ದಳು. ರಾತ್ರಿ ಗೋಡೆಯಾಚೆಯ ಗುಂಯ್ ಸದ್ದಿಲ್ಲದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಯ ಪೆಟ್ಟಿಗೆಯನ್ನು ಉಳಿಸಿಕೊಳ್ಳಲು ಅವಳೇ ಒಂದು ಉಪಾಯ ಕಂಡುಕೊಂಡಳು. ಉರಿಸುವ ಮೊದಲು ಕೋರೆಯಲ್ಲಿ ಒಂದು ಸೈರನ್, ಮುಗಿದ ಮೇಲೆ ಇನ್ನೊಂದು. ಮೊದಲನೆಯದಕ್ಕೆ ಪೆಟ್ಟಿಗೆಯ ಬಾಯಿಗೆ ಒದ್ದೆ ಬಟ್ಟೆ ತುರುಕಿ, ಸಂದುಗಳಿಗೆಲ್ಲ ಮಣ್ಣು ಮೆತ್ತುವುದು. ಎರಡನೆಯದು ಕೂಗಿ ಹೊಗೆ ಕರಗಿದ ಮೇಲೆ ಬಿಡಿಸುವುದು. ಮೂರು ಸಲ ಉಪಾಯ ಫಲಿಸಿತ್ತು.

ಹೂಮಳೆ ಬಿದ್ದು ಎಂಟು ದಿನಕ್ಕೆ ಕಾಫಿ ಅರಳಿತು. ಅದೇ ಬೆಳಿಗ್ಗೆ ಏಳಕ್ಕೆ ಸೈರನ್. "ಇವತ್ತೇ ಬೇಕಿತ್ತಾ ಇವರಿಗೆ" ಎಂದು ಬೈದುಕೊಂಡೇ ಅವಳು ಪೆಟ್ಟಿಗೆ ಮುಚ್ಚಿದಳು.

ಎರಡನೆಯದು ಕೂಗಲಿಲ್ಲ. ಉರಿಸುವುದು ತಡವಾಗಿರಬೇಕೆಂದು ಅವಳು ಬಟ್ಟೆ ಬಿಡಿಸಲಿಲ್ಲ. ಹತ್ತಾಯಿತು, ಹನ್ನೆರಡಾಯಿತು. ಬಿಸಿಲು ಜಗಲಿಯ ಮೇಲಿದ್ದ ಪೆಟ್ಟಿಗೆಗೆ ಬಂತು. ಒಳಗೆ ಗದ್ದಲ ಏರಿತು. ಹೂವಿನ ವಾಸನೆಗೆ ಹಟ ಮಾಡುತ್ತಿವೆ ಎಂದುಕೊಂಡಳು.

"ತಡ್ಕಳ್ರೋ, ಹೂ ಎಲ್ಲೂ ಓಡೋಗಲ್ಲ" ಎಂದು ಪೆಟ್ಟಿಗೆ ತಟ್ಟಿದಳು.

ಮೂರರ ಹೊತ್ತಿಗೆ ಸದ್ದು ಅಡಗಿತು. ಸದ್ಯ, ಸಮಾಧಾನವಾದವಲ್ಲ ಎಂದು ಅವಳು ಒಳಗೆ ಹೋಗಿ ಎರಡು ತುತ್ತು ಉಂಡಳು.

ಐದಕ್ಕೆ ಕೋರೆಯ ಕಾವಲುಗಾರ ಸಾಂತಪ್ಪ ಮನೆಗೆ ಹೋಗುತ್ತಾ ಗೇಟಿನ ಬಳಿ ನಿಂತ.

"ಎರಡನೇದು ಯಾವಾಗಪ್ಪ ಕೂಗ್ಸೋದು?" ಎಂದು ಅವಳು ಕೇಳಿದಳು.

"ಎಲ್ಲೀದಕ್ಕಾ? ಏಳೂವರೆಗೇ ಕ್ಯಾನ್ಸಲ್ ಆಯ್ತು. ಉರಿಸ್ದೇ ಇದ್ಮೇಲೆ ಯಾಕೆ ಕೂಗ್ಸೋದು?"

ಚನ್ನಬಸಮ್ಮ ಬಟ್ಟೆ ಕಿತ್ತು ಮುಚ್ಚಳ ತೆಗೆದಳು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಮೇಣದ ಎರಿ ಕರಗಿ ಕುಸಿದಿತ್ತು. ತಮ್ಮದೇ ಜೇನುತುಪ್ಪದಲ್ಲಿ ತೊಯ್ದ ಹುಳುಗಳು ತಳದಲ್ಲಿ ರಾಶಿ ಬಿದ್ದಿದ್ದವು. ಒಂದೂ ಅಲುಗಲಿಲ್ಲ.

"ಹೊಗೆ ಬರ್ಲೇ ಇಲ್ವಲ್ಲ ಸಾಂತಪ್ಪ. ನಾನೇ ಸಾಯ್ಸಿದೆ" ಎಂದಳು.

ಸಾಂತಪ್ಪ ಗೇಟು ಎಳೆದುಕೊಂಡು ಹೋದ. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ.

ಮರುದಿನ ನಿಜವಾಗಿಯೂ ಉರಿಸಿದರು. ಮೊದಲ ಸೈರನ್‌ಗೆ ಅವಳು ಒದ್ದೆ ಬಟ್ಟೆ ಹಿಡಿದು ಜಗಲಿಗೆ ಓಡಿ ಬಂದಳು. ಬಂದ ಮೇಲೆ ನೆನಪಾಯಿತು. ಹೊಗೆ ಇಳಿಯಿತು, ಎರಡನೆಯದೂ ಕೂಗಿತು. ಖಾಲಿ ಪೆಟ್ಟಿಗೆಯ ಮುಂದೆ ಅವಳು ಬಟ್ಟೆ ಹಿಡಿದುಕೊಂಡೇ ನಿಂತಿದ್ದಳು.