ಖ್ಮೈಸನ ರಾಟೆ

ದೋಣಿಯನ್ನು ಮಗ್ಗುಲಿಗೆ ಒರಗಿಸಿ, ಹಾಯಿ ಕಟ್ಟುವ ಕೂವೆಮರವನ್ನು ಕಳಚಿ ಮರಳಿನ ಮೇಲೆ ಚಾಚಿದ್ದರು. ಬುರಾವಿ ಅದರ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ತುಕ್ಕು ಹಿಡಿದ ಕೊಂಡಿಗಳನ್ನು ಬಡಿದು ಬಡಿದು ತೆಗೆಯುತ್ತಿದ್ದ. ಕೊಂಡಿ ಬಿಟ್ಟ ಕಡೆಯೆಲ್ಲ ಮರದ ಮೇಲೆ ಕಂದು ಕಲೆ ಉಳಿಯುತ್ತಿತ್ತು. ಇಳಿತದ ಹೊತ್ತು. ನೀರು ದೂರ ಸರಿದು, ಮೀನು ಸಿಕ್ಕಿಸಲು ಖರ್ಜೂರದ ಗರಿ ನೆಟ್ಟು ಕಟ್ಟಿದ ಮೀನುಬೇಲಿಗಳು ಕೆಸರಿನಿಂದ ಎದ್ದು ನಿಂತಿದ್ದವು.

ದೋಣಿ ಅವನ ದೊಡ್ಡಪ್ಪನ ಮಗ ಖ್ಮೈಸನದು. ಖ್ಮೈಸ್ ಕೆಮ್ಮಿ ಕೆಮ್ಮಿ ಹಾಸಿಗೆಯಲ್ಲೇ ಸತ್ತ ಮೇಲೆ ಅದು ನೀರು ಕಂಡಿರಲಿಲ್ಲ. ತಂದೆಯ ಮೀನುಬೇಲಿ ಹೀಗೇ ಬಿಟ್ಟರೆ ಅಲೆಯ ಪಾಲಾಗುತ್ತದೆಂದು ಮಗಳು ದಲೀಲಾ ತಾನೇ ದೋಣಿ ಇಳಿಸಲು ಹೊರಟಿದ್ದಳು.

ಖ್ಮೈಸನ ಹೆಂಡತಿ ಸಲ್ಹಾ ಚಹಾ ತಂದಾಗ ಬುರಾವಿ ಮರದ ತುದಿಯಲ್ಲಿ ಹಾಯಿಯ ಹಗ್ಗ ಓಡುವ ರಾಟೆಗೆ ಕೈ ಹಾಕಿದ್ದ.

"ಅದನ್ನ ಬಿಡು."

"ಯಾವುದು ಅತ್ತಿಗೆ?"

"ರಾಟೆ. ಮಿಕ್ಕಿದ್ದೆಲ್ಲ ಹೊಸದು ಹಾಕ್ಕೋ. ಅದೊಂದು ಅದೇ ಇರಲಿ."

ಬುರಾವಿ ಅದನ್ನು ಬಿಚ್ಚಿ ಅವಳ ಮುಂದೆ ಹಿಡಿದ. ಆಲಿವ್ ಮರದ್ದು. "ನೋಡು, ಚಕ್ರ ಸವೆದು ಮೊಟ್ಟೆ ಥರ ಆಗಿದೆ. ಪಕ್ಕ ಸೀಳಿದೆ. ಹಗ್ಗ ಈ ಸೀಳಲ್ಲಿ ಸಿಕ್ಕೊಂಡ್ರೆ ಹಾಯಿ ಕೆಳಗೆ ಬರಲ್ಲ. ಜೋರು ಗಾಳೀಲಿ ಹಾಯಿ ಇಳೀದೇ ಹೋದ್ರೆ ಏನಾಗುತ್ತೆ, ನಾನು ಹೇಳ್ಬೇಕಾ?"

"ಅವರಿದ್ದಾಗ ಒಂದು ದಿನಾನೂ ಸಿಕ್ಕೊಳ್ಲಿಲ್ಲ."

"ಅಣ್ಣ ಅದಕ್ಕೆ ಎಣ್ಣೆ ತೋರಿಸ್ತಾನೇ ಇರ್ಲಿಲ್ಲ. ಮನೇಲಿರೋ ಎಣ್ಣೆಯೆಲ್ಲ ಅತ್ತಿಗೆ ಸಾರಿಗೇ ಸುರೀತಾಳೆ ಅಂತ ನಾವೆಲ್ಲ ಆಡ್ಕೊಂಡು ನಗ್ತಿದ್ವಿ."

ಸಲ್ಹಾ ನಗಲಿಲ್ಲ.

ಕೆರ್ಕೆನ್ನಾ ದ್ವೀಪದಲ್ಲಿ ಹೆಂಗಸರು ದಡಕ್ಕೆ ಹೋಗಿ ಗಂಡನ ದಾರಿ ನೋಡುವುದಿಲ್ಲ. ಯಾರ ಗಂಡ ಮರಳಲಿಲ್ಲವೋ ಅವಳು ಮಾತ್ರ ಅಲ್ಲಿ ನಿಲ್ಲುತ್ತಾಳೆ. ಮಿಕ್ಕವರು ಮನೆಯಲ್ಲಿ ಕೂತು ಕಿವಿಗೊಡುತ್ತಾರೆ. ಹಾಯಿ ಇಳಿಸುವಾಗ ಒಂದೊಂದು ದೋಣಿಯ ರಾಟೆಗೆ ಒಂದೊಂದು ದನಿ. ಖ್ಮೈಸನ ರಾಟೆಯದು ಕತ್ತೆಯೊಂದು ಅರಚಲು ಬಾಯಿ ತೆರೆದು, ಯಾಕೋ ಬೇಡವೆಂದು ಸುಮ್ಮನಾದ ಹಾಗೆ. ಅದು ಕೇಳಿದೊಡನೆ ಸಲ್ಹಾ ಜವೆಗೋಧಿಯ ನುಚ್ಚಿನ ಕುಸ್ಕುಸನ್ನು ಹಬೆಗಿಡುತ್ತಿದ್ದಳು. ಅವನು ಬಲೆ ತೊಳೆದು ಮೇಲೆ ಬರುವಷ್ಟರಲ್ಲಿ ಅದು ಅರಳಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನು ರಾಟೆಗೆ ಎಣ್ಣೆ ಬಿಟ್ಟಿದ್ದ. ಅಂದು ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತಾಗ ಒಲೆ ತಣ್ಣಗಿತ್ತು. ಅವನು ಮತ್ತೆಂದೂ ಎಣ್ಣೆ ಹಾಕಲಿಲ್ಲ. ಅದರ ವಿಷಯ ಇಬ್ಬರೂ ಮಾತಾಡಿದ್ದೇ ಇಲ್ಲ.

ಸಂಜೆಗೆ ದಲೀಲಾ ಆಚೆ ದಡದ ಸ್ಫಾಕ್ಸ್ ಪಟ್ಟಣದಿಂದ ಹೊಸ ರಾಟೆ ತಂದಳು. ಉಕ್ಕಿನ ಪಕ್ಕ, ಕರಿಯ ಚಕ್ರ.

"ಊದಿದ್ರೂ ತಿರುಗುತ್ತೆ ನೋಡಮ್ಮ."

ಸಲ್ಹಾ ಬೆರಳಿನಿಂದ ತಳ್ಳಿದಳು. ಚಕ್ರ ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. "ಇದು ಮೂಗಿ," ಎಂದಳು.

"ನಂಗೂ ಆ ದನಿ ಬೇಕಮ್ಮ. ಅದು ಕೇಳಿದ್ರೆ ಬಾಗಿಲಿಗೆ ಓಡ್ತಿದ್ದೋಳು ನಾನೂನೂ. ಆದ್ರೆ ಈಗ ದೋಣೀಲಿರೋಳು ನಾನು."

ಸಲ್ಹಾ ಹೊಸ ರಾಟೆಯನ್ನು ಮಗಳ ಕೈಗೇ ಮರಳಿಸಿದಳು. ಬುರಾವಿಗೆ ಅತ್ತಿಗೆಯ ಮಾತು ಮೀರಲೂ ಮನಸ್ಸಿಲ್ಲ, ಆ ರಾಟೆ ನಂಬಿ ಹುಡುಗಿಯನ್ನು ಕಳಿಸಲೂ ಧೈರ್ಯವಿಲ್ಲ. ಮಾರನೆಯ ದಿನ ಹಳೆಯ ರಾಟೆಯನ್ನೇ ಕಟ್ಟಿ, ಕೂವೆಮರ ನಿಲ್ಲಿಸಿ, ಹಾಯಿಯನ್ನು ತುದಿಯವರೆಗೆ ಏರಿಸಿದ. ಹಗ್ಗವನ್ನು ಸಲ್ಹಾಳ ಕೈಗೆ ಕೊಟ್ಟ.

"ಇಳಿಸು ಅತ್ತಿಗೆ. ಸರಾಗ ಇಳಿದ್ರೆ ನಾನು ಬಾಯಿ ಮುಚ್ಕೋತೀನಿ."

ಅವಳು ಹಗ್ಗ ಸಡಿಲಿಸಿದಳು. ರಾಟೆ ಕೂಗಿತು. ಅದೇ ಕತ್ತೆ, ಅದೇ ಬಾಯಿ. ಸಲ್ಹಾಳ ಕಣ್ಣು ಮನೆಯತ್ತ, ಒಲೆಯತ್ತ ಹೋಯಿತು. ಅಷ್ಟರಲ್ಲಿ ದನಿ ಕಡಿಯಿತು. ಹಾಯಿ ಅರ್ಧದಲ್ಲಿ ನಿಂತು, ಗಾಳಿ ತುಂಬಿಕೊಂಡು ಪಟಪಟ ಬಡಿಯತೊಡಗಿತು. ಅವಳು ಹಗ್ಗ ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಅದು ಕದಲಲಿಲ್ಲ. ದಲೀಲಾ ದೋಣಿಯ ಅಂಚು ಹಿಡಿದು ನಿಂತಿದ್ದಳು.

"ಹೊಸದೇ ಹಾಕು," ಎಂದಳು ಸಲ್ಹಾ.

ದಲೀಲಾ ಮೊದಲ ಸಲ ದೋಣಿ ತೆಗೆದುಕೊಂಡು ಹೋದ ದಿನ, ಸಲ್ಹಾ ಜವೆಯ ನುಚ್ಚು ನೆನೆಸಿ ಒಲೆಯ ಮುಂದೆ ಕೂತಳು. ಹಳೆಯ ರಾಟೆ ಗೋಡೆಯ ಗೂಡಿನಲ್ಲಿತ್ತು. ಬೆರಳಿಂದ ತಿರುಗಿಸಿ ನೋಡಿದಳು. ಭಾರವಿಲ್ಲದೆ ಅದು ದನಿ ಮಾಡಲಿಲ್ಲ. ಹೊತ್ತು ಇಳಿಯಿತು. ಯಾರದೋ ಮೋಟಾರು ದೋಣಿ ಗುಡುಗುಟ್ಟಿ ಹೋಯಿತು. ಮತ್ತೆ ಬರಿಯ ಗಾಳಿ. ಮಗಳು ಬಂದಳೋ, ಇನ್ನೂ ನೀರಿನಲ್ಲೇ ಇದ್ದಾಳೋ ತಿಳಿಯದು.

ಅವಳು ಎದ್ದು ಶಾಲು ಹೊದ್ದು ದಡಕ್ಕೆ ಇಳಿದಳು. ಬಲೆ ಹೊಲಿಯುತ್ತಿದ್ದ ಬುರಾವಿ ಅವಳನ್ನು ಅಲ್ಲಿ ಕಂಡು ಸೂಜಿ ಬಿಟ್ಟು ಎದ್ದು ನಿಂತ.

ಸ್ವಲ್ಪ ಹೊತ್ತಿಗೆ ದಲೀಲಾಳ ದೋಣಿ ದಡದ ಹತ್ತಿರ ಬಂತು. ಹಾಯಿ ಸದ್ದಿಲ್ಲದೆ ಜಾರಿ ಇಳಿಯಿತು. ದಡದಲ್ಲಿ ನಿಂತ ತಾಯಿಯನ್ನು ಕಂಡದ್ದೇ ದಲೀಲಾ ನೀರಿಗೆ ಹಾರಿ, ತೊಡೆಯುದ್ದ ನೀರು ತಳ್ಳಿಕೊಂಡು ಓಡಿ ಬಂದಳು.

"ಯಾರು ಹೋದ್ರಮ್ಮ? ಏನಾಯ್ತು?"

"ಯಾರೂ ಹೋಗಿಲ್ಲ. ಒಲೆ ಹಚ್ಚಿಲ್ಲ ಅಷ್ಟೆ. ಯಾವಾಗ ಹಚ್ಚಬೇಕು ಅಂತ ಗೊತ್ತಾಗ್ಲಿಲ್ಲ."

ದಲೀಲಾ ಒದ್ದೆ ಬಟ್ಟೆ ಹಿಂಡಿಕೊಂಡಳು. "ಪ್ರಾಣಾನೇ ಹೋಗಿತ್ತು! ನಾಳೆಯಿಂದ ನಾನೇ ಕತ್ತೆ ಥರ ಕೂಗ್ತೀನಿ, ಮನೇಲಿರು."

"ಬೇಡ. ಬಂದು ನೋಡ್ತೀನಿ."

ಮೀನಿನ ಬುಟ್ಟಿಯ ಒಂದೊಂದು ಹಿಡಿ ಹಿಡಿದು ಇಬ್ಬರೂ ಹೊರಟರು. ಅರ್ಧ ದಾರಿಯಲ್ಲಿ ಸಲ್ಹಾ ನಿಂತು, ಹಳೆಯ ರಾಟೆಯ ದನಿಗೆಂಬಂತೆ ಕಡಲಿನ ಕಡೆಗೆ ಕಿವಿ ತಿರುಗಿಸಿದಳು. ದಲೀಲಾಳೂ ನಿಂತಳು. ಬುಟ್ಟಿಯ ಹಿಡಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಅಮ್ಮ ಹೊರಡುವವರೆಗೆ ಕಾದಳು.