ರೆಕ್ಕೆಯ ಚೂರು, ಸೋದರಮಾವನ ಮಡಿಲು

ಆಡಿ ತಿಂಗಳ, ಅಂದರೆ ಆಷಾಢದ ಗಾಳಿ ಬಂತೆಂದರೆ ತಮಿಳುನಾಡಿನ ಉತ್ತಮಪಾಳಯಂ ಕಡೆ ದ್ರಾಕ್ಷಿ ಬೆಳೆದವರಿಗೆ ನಿದ್ದೆ ಎಲ್ಲಿಯದು? ಒಂದು ಬೆಳಗ್ಗೆ ವೇಲುಸಾಮಿ ತೋಟಕ್ಕೆ ಹೋಗಿ ನೋಡುತ್ತಾನೆ, ಅರ್ಧ ಚಪ್ಪರ ನೆಲಕ್ಕೆ ಬಿದ್ದಿದೆ! ಬಳ್ಳಿ, ತಂತಿಕಂಬಿ, ಕಾಯಿಗೊಂಚಲು ಎಲ್ಲಾ ಒಂದರ ಮೇಲೊಂದು.

ಚಪ್ಪರಕ್ಕೆ ಕಂಬಿ ಬಿಗಿದಿದ್ದ ಕೂಲಿಯಾಳು ಚಿನ್ನತಂಬಿ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ. ಪಾಪ, ಮುಖದಲ್ಲಿ ಜೀವವೇ ಇರಲಿಲ್ಲ. ಪಕ್ಕದ ತೋಟದವನು ಆಗಲೇ ತೀರ್ಪು ಕೊಟ್ಟಾಗಿತ್ತು.

“ಕಣ್ಣಿಗೆ ಕಾಣ್ತಿದೆಯಲ್ಲ ಅಣ್ಣಾ, ಕಂಬಿ ತುಂಡಾಗಿದೆ. ಇವನು ಸರಿಯಾಗಿ ಕಟ್ಟಿಲ್ಲ, ಅಷ್ಟೇ!”

“ಸುಮ್ನಿರಪ್ಪಾ. ಯಾರೂ ಏನೂ ಮುಟ್ಟಬೇಡಿ. ಬಿದ್ದ ಚಪ್ಪರ ಬಿದ್ದ ಹಾಗೇ ಇರಲಿ. ಮೊದಲು ನಾನು ನೋಡ್ತೀನಿ,” ಎಂದ ವೇಲುಸಾಮಿ.

ಬಿದ್ದದ್ದು ಯಾಕೆ ಬಿತ್ತೆಂದು ಕಂಡುಹಿಡಿಯುವುದರಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲೇ ಇಲ್ಲ. ಈ ತುದಿಯಿಂದ ಆ ತುದಿಗೆ ಬಗ್ಗಿ ಬಗ್ಗಿ ನಡೆದ. ಕಂಬಿಯ ತುದಿ ಸವರಿದ. ಕಲ್ಲುಕಂಬ ಯಾವ ಕಡೆ ವಾಲಿದೆ ಎಂದು ನೋಡಿದ. ಕೊನೆಗೆ ಮೂಲೆಯ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಕಾಲುವೆ ನೀರು ಇಳಿದು ಅಲ್ಲಿನ ಮಣ್ಣು ಮೆತ್ತಗಾಗಿತ್ತು.

“ಇಲ್ಲಿ ಬಾ ಚಿನ್ನತಂಬಿ. ನೀ ಹಾಕಿದ ಗಂಟು ಹಾಗೇ ಇದೆ ನೋಡು. ಮೊದಲು ಈ ಮೂಲೆಯ ಕಂಬ ಸಡಿಲಾಗಿದೆ. ಆಮೇಲೆ ಭಾರ ತಾಳದೆ ಕಂಬಿ ತುಂಡಾಗಿದೆ. ನಿನ್ನ ತಪ್ಪಿಲ್ಲ, ಹೋಗಿ ಕಾಪಿ ಕುಡಿ.”

ಚಿನ್ನತಂಬಿ ಟವಲ್ಲಿನಿಂದ ಕಣ್ಣೊರೆಸಿಕೊಂಡ.

ಕಾಪಿ ತಂದ ವೇಲುಸಾಮಿಯ ಹೆಂಡತಿ ಸುಬ್ಬುಲಕ್ಷ್ಮಿ ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. ಮಹಿಳಾ ಸಂಘದಲ್ಲಿ ಪಳಗಿದ ಹೆಂಗಸು. ಯಾವ ಮಾತು ಯಾವಾಗ ಎತ್ತಬೇಕೆಂದು ಅವಳಿಗೆ ಗೊತ್ತು.

“ಚಿನ್ನತಂಬಿಗೆ ಒಂದು ನ್ಯಾಯ, ನಮ್ಮ ಮಾಪಿಳ್ಳೈಗೆ ಒಂದು ನ್ಯಾಯನಾ?”

“ಶುರು ಮಾಡಿದ್ಯಾ?” ವೇಲುಸಾಮಿ ಮುಖ ಗಂಟು ಹಾಕಿಕೊಂಡ.

ಮಾಪಿಳ್ಳೈ ಎಂದರೆ ಅವನ ತಂಗಿ ತಮಿಳರಸಿಯ ಗಂಡ ರಾಮ್‌ಕುಮಾರ್. ವಿಮಾನಗಳನ್ನು ಪರೀಕ್ಷಿಸಿ ರಿಪೇರಿ ಮಾಡುವ ಕೆಲಸ. ಕೆಲವು ತಿಂಗಳ ಹಿಂದೆ ಪ್ರಯಾಣಿಕರ ವಿಮಾನವೊಂದು ಕಡಲಿನ ಮೇಲೆ ಕಾಣೆಯಾಗಿತ್ತು. ಹಾರುವ ಮುಂಚೆ ಅದನ್ನು ಪರೀಕ್ಷಿಸಿದವರಲ್ಲಿ ಅವನೂ ಒಬ್ಬ. ಈಚೆಗೆ ಯಾವುದೋ ದೂರದ ದಡಕ್ಕೆ ರೆಕ್ಕೆಯ ಚೂರೊಂದು ತೇಲಿ ಬಂತು. ಅದರ ಫೋಟೋ ಅಂತ ಒಂದು ಎಲ್ಲರ ಫೋನಿಗೂ ಬಂತು. ಚೂರಿನಲ್ಲಿ ಸಾಲು ತೂತುಗಳು. ಬೋಲ್ಟು ಒಂದೂ ಇಲ್ಲ. ವೇಲುಸಾಮಿ ಅದನ್ನು ನೆಂಟರ ಗುಂಪಿಗೆಲ್ಲ ಕಳಿಸಿ, ಜೊತೆಗೆ ತನ್ನ ದನಿಯನ್ನೂ ಸೇರಿಸಿದ್ದ: “ಬೋಲ್ಟೇ ಹಾಕಿಲ್ಲ ನೋಡಿ. ನಮ್ಮ ಮಾಪಿಳ್ಳೈ ಆದ್ರೇನು, ತಪ್ಪು ತಪ್ಪೇ!”

ಅವತ್ತಿನಿಂದ ತಮಿಳರಸಿಯ ಮನೆಗೆ ಒಬ್ಬರೂ ಕಾಲಿಟ್ಟಿರಲಿಲ್ಲ. ಮುಂದಿನ ತಿಂಗಳು, ಆವಣಿಯಲ್ಲಿ, ಅವಳ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗುವನ್ನು ಸೋದರಮಾವನ ಮಡಿಲಲ್ಲಿ ಕೂರಿಸಿಯೇ ಕಿವಿ ಚುಚ್ಚಬೇಕು. ಆ ಮಾವನೇ ‘ನಾನು ಬರೋದಿಲ್ಲ’ ಎಂದು ಹೇಳಿಕಳಿಸಿದ್ದ. ಮಾವ ಇದ್ದೂ ಮಡಿಲು ಕೊಡದಿದ್ದರೆ, ಆ ಮನೆಯವರು ತಲೆಯೆತ್ತಿ ನಡೆಯುವುದು ಹೇಗೆ?

ಸುಬ್ಬುಲಕ್ಷ್ಮಿ ಅವನ ಜೇಬಿನಿಂದ ಫೋನು ತೆಗೆದು ಆ ಫೋಟೋ ಮುಂದಿಟ್ಟಳು.

“ಇದು ಆ ವಿಮಾನದ್ದೇ ಅಂತ ಯಾರು ಹೇಳಿದ್ರು?”

“ಎಲ್ಲರ ಫೋನಲ್ಲೂ ಇದೆಯಲ್ಲ!”

“ಎಲ್ಲರಿಗೂ ಕಳಿಸಿದ್ದು ನೀವೇ ತಾನೆ? ಸರಿ, ಅದರದ್ದೇ ಅಂತ ಇಟ್ಕೊಳ್ಳಿ. ಬೋಲ್ಟು ಯಾವಾಗ ಹೋಯ್ತು? ನೀರಿಗೆ ಬಿದ್ದ ಹೊಡೆತಕ್ಕಾ? ದಡದಲ್ಲಿ ಯಾರಾದ್ರೂ ಬಿಚ್ಚಿಕೊಂಡ್ರಾ? ಇಲ್ಲ, ಮೊದಲೇ ಇರಲಿಲ್ವಾ?”

“ತೂತಿನ ಅಂಚು ನೋಡಿದ್ರೆ ತಿಳಿಯುತ್ತೆ ಕಣೇ,” ವೇಲುಸಾಮಿಯ ಬಾಯಿಂದ ಮಾತು ತಾನಾಗಿ ಬಂತು. “ಜಗ್ಗಿ ಕಿತ್ತಿದ್ರೆ ಅಂಚು ಹರಿದಿರುತ್ತೆ.”

“ಹಾಗಾದ್ರೆ ನೋಡಿ ಹೇಳಿ.”

ಅವನು ಫೋಟೋವನ್ನು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಎಲ್ಲಾ ಮಸುಕು ಮಸುಕು.

“ಕಾಣಲ್ಲ,” ಎಂದ ಮೆಲ್ಲಗೆ.

“ಕಾಣದ್ದನ್ನೇ ಊರಿಗೆಲ್ಲ ಸಾರಿದ್ರಲ್ಲ! ವಿಮಾನದ ತನಿಖೆಯವರೂ ನೀವು ಈಗ ಚಪ್ಪರದ ಹತ್ತಿರ ಮಾಡಿದ್ದನ್ನೇ ಮಾಡ್ತಾರಂತೆ. ಸಂಘಕ್ಕೆ ಬಂದಿದ್ದ ಮೇಡಮ್ ಹೇಳಿದ್ರು. ಚೂರಿನ ಮೇಲೆ ನಂಬರ್ ಉಳಿದಿದ್ರೆ ಅದು ಯಾವ ವಿಮಾನದ್ದು ಅಂತ ಹುಡುಕ್ತಾರೆ. ಮುರಿದ ಅಂಚನ್ನ ಭೂತಗನ್ನಡಿ ಇಟ್ಟು ನೋಡ್ತಾರೆ. ಅಂಟಿಕೊಂಡಿರೋ ಚಿಪ್ಪು ನೋಡಿ ಎಷ್ಟು ಕಾಲ ನೀರಲ್ಲಿತ್ತು ಅಂತ ಅಂದಾಜು ಮಾಡ್ತಾರೆ. ಅಷ್ಟು ಓದಿದವರೇ ಒಂದು ಚೂರು ನೋಡಿ ತೀರ್ಪು ಕೊಡಲ್ಲ.”

“ತಪ್ಪಿಲ್ಲ ಅಂದ್ರೆ ಅವನ್ಯಾಕೆ ಬಾಯಿ ಬಿಡ್ತಿಲ್ಲ?”

“ತನಿಖೆ ಮುಗಿಯೋವರೆಗೂ ಹೊರಗೆ ಮಾತಾಡಬೇಡಿ ಅಂದಿದಾರೆ. ತನಿಖೆಯವರ ಮುಂದೆ ಮಾಪಿಳ್ಳೈ ಎಲ್ಲಾ ಹೇಳಿದಾರಂತೆ, ತಮಿಳರಸಿ ಫೋನಲ್ಲಿ ಅಳ್ತಿದ್ಲು.” ಅವಳ ದನಿ ತಗ್ಗಿತು. “ಆ ವಿಮಾನದಲ್ಲಿ ಹೋದವರ ಹೆತ್ತವರ ಕೈಗೂ ಈ ಫೋಟೋ ಸಿಕ್ಕಿರುತ್ತೆ. ಅವರ ಕರುಳು ಏನಾಗಿರಬೇಡ?”

ವೇಲುಸಾಮಿಗೆ ನಾಚಿಕೆಯಾಯಿತು. ಕೂಲಿಗೆ ಬಂದವನ ಮೇಲೆ ಸುಳ್ಳು ತಪ್ಪು ಹೊರಿಸಬಾರದೆಂದು ತೋಟವೆಲ್ಲ ತಡಕಾಡಿದವನು, ಒಡಹುಟ್ಟಿದವಳ ಗಂಡನನ್ನು ಕೂತಲ್ಲೇ ಅಪರಾಧಿ ಮಾಡಿದ್ದ. ಕಾಪಿ ಆರಿಹೋಯಿತು. ಆಮೇಲೆ ಫೋನೆತ್ತಿ ಅದೇ ಗುಂಪಿಗೆ ಹೇಳಿದ: “ನಾನು ವೇಲುಸಾಮಿ. ಆವತ್ತು ಕಳಿಸಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೇ ಮಾತಾಡಿದೆ, ತಪ್ಪಾಯ್ತು. ನೀವೂ ಅದನ್ನ ಅಳಿಸಿಬಿಡಿ. ಮುಂದಕ್ಕೆ ಕಳಿಸಬೇಡಿ.”

ಆವಣಿ ಬಂತು. ಕುಲದೇವರ ಗುಡಿಯ ಮುಂದೆ ಅಕ್ಕಸಾಲಿ ಆಸಾರಿ ಚಿನ್ನದ ತಂತಿ ಹಿಡಿದು ಕಾಯುತ್ತಿದ್ದ. ರಾಮ್‌ಕುಮಾರ್ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಉಡುಗೊರೆಯ ಸೀರ್ ತಟ್ಟೆ ಹೊತ್ತ ನೆಂಟರ ಮುಂದೆ ನಡೆದು ಬರುತ್ತಿದ್ದ ಅಣ್ಣನನ್ನು ಕಂಡು ತಮಿಳರಸಿ ಮಗುವನ್ನು ಅವಚಿಕೊಂಡಳು.

“ತನಿಖೆಯ ವರದಿ ಬಂತಾ ಅಣ್ಣಾ, ಅದಕ್ಕೇ ಬಂದ್ಯಾ?”

“ಇಲ್ಲಮ್ಮಾ.”

ರಾಮ್‌ಕುಮಾರ್ ಹತ್ತಿರ ಬಂದ. ಹೆಂಡತಿಯ ಅಣ್ಣ ಅವನಿಗೆ ಮಚ್ಚಾನ್. “ಮಚ್ಚಾನ್, ನನಗೆ ತಿಳಿದ ಮಟ್ಟಿಗೆ ಕೆಲಸ ಸರಿಯಾಗೇ ಮಾಡಿದೀನಿ. ಆದರೂ ನಾಳೆ ತಪ್ಪು ನಂದೇ ಅಂತ ಬಂದ್ರೆ?”

“ಬಂದ್ರೆ ಅದಕ್ಕೆ ತಲೆಬಾಗು, ನಾನೂ ಜೊತೆಗಿರ್ತೀನಿ. ಬರೋ ಮುಂಚೆ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ ಮಾಪಿಳ್ಳೈ,” ಎಂದ ವೇಲುಸಾಮಿ. ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಎರಡೂ ಕೈ ಚಾಚಿದ. “ನನ್ನ ಕೆಲಸ ಇದು. ಕೊಡು ಮಗೂನ.”

ತಂತಿ ಚುಚ್ಚಿದ್ದೇ ಮಗು ಕಿಟಾರನೆ ಕಿರುಚಿತು. ಗುಡಿಯ ಮುಂದೆ ಎಲ್ಲರೂ ನಕ್ಕರು. ತಮಿಳರಸಿ ಮಾತ್ರ ಅಣ್ಣನ ಹೆಗಲಿಗೆ ಹಣೆಯಿಟ್ಟು ಅತ್ತುಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿಗೂ ಇಂಥ ಚೂರು ಬಂದೇ ಬರುತ್ತದೆ. ವಿಮಾನದ್ದೋ, ಬಸ್ಸಿನದ್ದೋ, ಯಾರದೋ ಮನೆಯದ್ದೋ. ಎಲ್ಲಿಯದು, ಯಾರು ತೆಗೆದದ್ದು ಎಂದು ಕೇಳಿ. ಗೊತ್ತಾಗದಿದ್ದರೆ ಅಲ್ಲೇ ನಿಲ್ಲಿಸಿ, ತನಿಖೆ ಮುಗಿಯಲಿ. ಕಡಲದಡದಲ್ಲಿರುವವರಿಗೆ ನಿಜವಾದ ಚೂರೇ ಸಿಕ್ಕರೆ, ಮುಟ್ಟದೆ ಪೊಲೀಸರಿಗೆ ತಿಳಿಸಿ. ಆಗಲೇ ತಪ್ಪು ಸುದ್ದಿ ಕಳಿಸಿಬಿಟ್ಟಿದ್ದೀರಾ? ವೇಲುಸಾಮಿಯ ಹಾಗೆ ಇವತ್ತೇ ಫೋನೆತ್ತಿ ‘ನನಗೆ ಗೊತ್ತಿಲ್ಲ’ ಎಂದು ಹೇಳಿ. ಎಲ್ಲೋ ಒಂದು ಮನೆಯವರು ಆ ಮಾತಿಗಾಗಿ ಕಾಯುತ್ತಿದ್ದಾರೆ.